ತಳದಲ್ಲಿ ಬರೆದ ನಂಬರು

ಜನವರಿ 3

ಚಿರಂಜೀವಿ ನಾದಿನಿಗೆ ಭಾವನ ಆಶೀರ್ವಾದಗಳು.

ಹದಿಮೂರು ವರ್ಷಗಳ ಮೇಲೆ ನನ್ನ ಕಾಗದ ಕಂಡು ನಿನಗೆ ಆಶ್ಚರ್ಯವಾಗಬಹುದು. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಏಪ್ರಿಲ್‌ನಲ್ಲಿ ಆಪರೇಷನ್. ಅಲ್ಲಿಯವರೆಗೆ ಬಂದ ಕಾಗದಗಳನ್ನು ನಿನ್ನ ಅಕ್ಕ ಓದಿ ಹೇಳುತ್ತಾಳೆ, ನಾನು ಹೇಳಿದ್ದನ್ನು ಅವಳೇ ಟೈಪ್ ಮಾಡುತ್ತಾಳೆ. ಅವಳು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುವುದಷ್ಟೇ ನನ್ನ ಕೆಲಸ.

ವಿಷಯಕ್ಕೆ ಬರುತ್ತೇನೆ. ನಮ್ಮ ಲ್ಯಾಬಿನಲ್ಲಿ ನೀನು ಉಪ್ಪುನೀರನ್ನು ಹೆಪ್ಪುಗಟ್ಟಿಸಿ ಕೊಡುತ್ತಿದ್ದ ದಿನಗಳು ನೆನಪಿವೆಯಲ್ಲ. ದೂರದ ಗ್ರಹವೊಂದನ್ನು ಸುತ್ತುವ ಆ ಮಂಜುಗಡ್ಡೆಯ ಚಂದ್ರನಿಂದ ಬರುವ ಬೆಳಕಿಗೂ ನಮ್ಮ ನಾಲ್ಕನೇ ತಟ್ಟೆಯ ಐಸಿಗೂ ಹೊಂದಿಕೆಯಾದದ್ದರಿಂದಲೇ ನನ್ನ ಪ್ರಬಂಧಕ್ಕೆ ಅಷ್ಟು ಹೆಸರು ಬಂತು. ಆ ತಟ್ಟೆಯನ್ನು ಈಗ ಕಾರಿಡಾರಿನಲ್ಲಿ ಗಾಜಿನ ಬಾಗಿಲಿನ ಫ್ರೀಜರಿನಲ್ಲಿ ಇಟ್ಟಿದ್ದಾರೆ. ಬಂದವರೆಲ್ಲ ನೋಡಿಕೊಂಡು ಹೋಗುತ್ತಾರೆ.

ಈಗ ಅಲ್ಲಿಗೆ ನೌಕೆಯೊಂದು ಹೊರಟಿದೆ. ಆ ಚಂದ್ರನ ಯಾವ ಭಾಗದಲ್ಲಿ ಇಳಿಯಬೇಕೆಂದು ತೀರ್ಮಾನಿಸುವ ಸಮಿತಿ ಮಾರ್ಚ್ 21ಕ್ಕೆ ಇಲ್ಲಿಗೆ ಬರುತ್ತಿದೆ. ತಟ್ಟೆಯ ಜೊತೆಗೆ ಐಸ್ ತಯಾರಿಸಿದ ಮೂಲ ನೋಟ್‌ಬುಕ್ಕೂ ಬೇಕಂತೆ. ಕಪ್ಪು ರಟ್ಟಿನ ಆ ನೋಟ್‌ಬುಕ್ಕು ನಿನ್ನ ಹತ್ತಿರ ಇರಬೇಕು. ದಯವಿಟ್ಟು ಕಳಿಸು. ಹಳೆಯದನ್ನೆಲ್ಲ ಮರೆತುಬಿಡೋಣ. ಹೊಸ ವರದಿಯಲ್ಲಿ ನಿನ್ನ ಸಹಾಯವನ್ನು ನೆನೆಸಿಕೊಳ್ಳುತ್ತೇನೆ.

ನಿನ್ನ ಭಾವ


ಜನವರಿ 15

ಭಾವನವರಿಗೆ, ಓದಿ ಹೇಳುತ್ತಿರುವ ಅಕ್ಕನಿಗೂ,

ನಾನು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವಷ್ಟು ದೊಡ್ಡ ಮನಸ್ಸು ಇನ್ನೂ ಬಂದಿಲ್ಲ.

ನಾನೀಗ ಮೀನಿನ ಬಂದರಿನ ಪಕ್ಕದ ಐಸ್ ಫ್ಯಾಕ್ಟರಿಯಲ್ಲಿದ್ದೇನೆ. ದಿನಕ್ಕೆ ಮುನ್ನೂರು ಬ್ಲಾಕ್ ತೆಗೆಯುತ್ತೇವೆ. ದೋಣಿಯವರು ನನ್ನನ್ನು ಐಸಕ್ಕ ಎನ್ನುತ್ತಾರೆ. ನಿಮ್ಮ ಲ್ಯಾಬಿನಲ್ಲಿ ಹನ್ನೊಂದು ವರ್ಷ ದುಡಿದರೂ ನನಗೊಂದು ಹೆಸರು ಸಿಗಲಿಲ್ಲ, ಇಲ್ಲಿ ಎರಡು ವಾರದಲ್ಲಿ ಸಿಕ್ಕಿತು.

ನಿಮ್ಮ ಪ್ರಬಂಧವನ್ನು ನಾನೂ ಓದಿದ್ದೇನೆ. ಮೂವತ್ತೆರಡು ಪುಟ. ಅದರಲ್ಲಿ ‘ಮಾದರಿಗಳನ್ನು ತಯಾರಿಸಲಾಯಿತು’ ಎಂದು ಒಂದು ಸಾಲಿದೆ. ಯಾರೂ ತಯಾರಿಸಲಿಲ್ಲ, ಪಾಪ, ಐಸು ತಾನೇ ಬಂದು ತಟ್ಟೆಯಲ್ಲಿ ಕೂತುಕೊಂಡಿತು. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ನಿಮ್ಮದು.

ಹಳೆಯದನ್ನು ಮರೆಯಬೇಕಂತೆ. ಸರಿ, ಮರೆಯುವ ಮೊದಲು ಒಮ್ಮೆ ನೆನಪು ಮಾಡಿಕೊಳ್ಳೋಣ. ದೊಡ್ಡ ಫ್ರೀಜರಿನ ಬಾಗಿಲು ತೆರೆದೇ ಉಳಿದು ಮೂರು ತಿಂಗಳ ಐಸು ನೀರಾದ ಆ ದಿನ, ಬಾಗಿಲು ತೆರೆದಿಟ್ಟವಳು ನಾನು ಎಂದು ನೀವು ಮುಖ್ಯಸ್ಥರಿಗೆ ಬರೆದುಕೊಟ್ಟಿರಿ. ಆ ಸಂಜೆ ನಾನು ನಾಲ್ಕಕ್ಕೇ ಮನೆಗೆ ಹೋಗಿದ್ದೆ. ನಿಮಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ನನ್ನನ್ನು ಕೆಲಸದಿಂದ ತೆಗೆದರು. ‘ಬೇಜವಾಬ್ದಾರಿ’ ಎಂಬ ಪದವಿರುವ ಆ ಕಾಗದ ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ. ಅದನ್ನು ನೋಡಿ ಇನ್ಯಾವ ಲ್ಯಾಬಿನವರೂ ನನಗೆ ಬಾಗಿಲು ತೆರೆಯಲಿಲ್ಲ.

ನೋಟ್‌ಬುಕ್ಕು ಬೇಕಾದರೆ ಬೆಲೆ ಇಷ್ಟೇ. ಬಾಗಿಲು ತೆರೆದಿಟ್ಟವರು ಯಾರು ಎಂದು ಬರೆದು, ಸಹಿ ಹಾಕಿ ಕಳಿಸಿ. ನೀವು ನನ್ನನ್ನು ನೆನೆಸಿಕೊಳ್ಳುವುದೇನೂ ಬೇಡ.

ಅಂದ ಹಾಗೆ, ಸಮಿತಿಯವರಿಗೆ ತಟ್ಟೆ ತೋರಿಸುವಾಗ ಮುಚ್ಚಳವನ್ನು ನಂಬಬೇಡಿ. ನಾನು ನಂಬರು ಬರೆಯುತ್ತಿದ್ದದ್ದು ತಳದಲ್ಲಿ.

ಐಸಕ್ಕ


ಜನವರಿ 30

ಚಿರಂಜೀವಿ ನಾದಿನಿಗೆ,

ನಿನ್ನ ಮಾತಿನ ಖಾರ ಸ್ವಲ್ಪವೂ ಕಡಿಮೆಯಾಗಿಲ್ಲ. ಬಾಗಿಲಿನ ವಿಷಯ ತೀರಾ ಹಳೆಯದು. ಆಗ ಎಲ್ಲರೂ ಒತ್ತಡದಲ್ಲಿದ್ದೆವು, ಯಾರು ಏನು ಮಾಡಿದರೆಂದು ಈಗ ಕೆದಕಿ ಪ್ರಯೋಜನವಿಲ್ಲ. ಕಡ್ಡಿಯನ್ನು ಗುಡ್ಡ ಮಾಡಬೇಡ.

ನೌಕೆಯ ವಿಷಯ ಎಷ್ಟು ಮುಖ್ಯವೆಂದು ನಿನಗೆ ತಿಳಿಯಬೇಕು. ಉಪ್ಪುನೀರು ನಿಧಾನವಾಗಿ ಹೆಪ್ಪುಗಟ್ಟಿದರೆ ಐಸು ಉಪ್ಪನ್ನು ಹೊರಗೆ ತಳ್ಳುತ್ತದೆ. ಆ ಉಪ್ಪು ಬೇರೆಯಾಗಿ, ಒಂದಿಷ್ಟು ನೀರನ್ನು ಹಿಡಿದುಕೊಂಡು ತನ್ನದೇ ಹರಳು ಕಟ್ಟುತ್ತದೆ. ಒಮ್ಮೆಲೇ ಹೆಪ್ಪುಗಟ್ಟಿದರೆ ಉಪ್ಪಿಗೆ ಓಡಲು ಸಮಯ ಸಿಗದೆ ಒಳಗೇ ಸಿಕ್ಕಿಬೀಳುತ್ತದೆ. ಎರಡರ ಮೇಲೆ ಬಿದ್ದ ಬೆಳಕು ಎರಡು ರೀತಿ ಹಿಂದಿರುಗುತ್ತದೆ. ನಾಲ್ಕನೇ ತಟ್ಟೆ ಮೂರು ದಿನ ನಿಧಾನವಾಗಿ ಹೆಪ್ಪುಗಟ್ಟಿದ್ದು, ಒಂಬತ್ತನೆಯದು ಕಣ್ಣು ಮಿಟುಕಿಸುವಷ್ಟರಲ್ಲಿ. ಚಂದ್ರನ ಬೆಳಕು ನಾಲ್ಕಕ್ಕೆ ಹೊಂದಿತು. ಅಂದರೆ ಅಲ್ಲಿನ ನೆಲ ಹಳೆಯದು, ಒಳಗೆ ಸಮುದ್ರವಿದ್ದರೂ ದಪ್ಪ ಹೊದಿಕೆಯಡಿ ಮುಚ್ಚಿಹೋಗಿದೆ. ಆದ್ದರಿಂದ ಬಿರುಕುಗಳ ಕಡೆ ಹೋಗದೆ ಬಯಲಿನಲ್ಲೇ ಇಳಿಯಬೇಕು ಎಂಬುದು ನನ್ನ ಸಲಹೆ. ಇದೆಲ್ಲ ನಿನ್ನ ನೋಟ್‌ಬುಕ್ಕಿನ ಮೇಲೆ ನಿಂತಿದೆ.

ಸಣ್ಣತನ ಬಿಟ್ಟು ಕಳಿಸಿಕೊಡು.

ನಿನ್ನ ಭಾವ


ಫೆಬ್ರವರಿ 9

ಭಾವನವರಿಗೆ,

ನನಗೇ ಐಸಿನ ಪಾಠ ಹೇಳಿಕೊಟ್ಟಿದ್ದೀರಿ. ಸಂತೋಷ.

ಈಗ ನನ್ನ ಪಾಠ ಕೇಳಿ. ಇಲ್ಲಿ ತಗಡಿನ ಉದ್ದ ಡಬ್ಬಗಳಿಗೆ ನೀರು ತುಂಬಿ, ಮೈನಸ್ ಹತ್ತರಲ್ಲಿ ಕೊರೆಯುವ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತೇವೆ. ನೀರು ಹೊರಗಿನಿಂದ ಒಳಗೆ ಹೆಪ್ಪುಗಟ್ಟುತ್ತಾ ಬರುತ್ತದೆ. ಅಂಚಿನ ಐಸು ಕನ್ನಡಿಯಂತೆ ಶುಭ್ರ. ನೀರಿನಲ್ಲಿದ್ದ ಉಪ್ಪು, ಸುಣ್ಣ, ಕಸ ಎಲ್ಲವೂ ನಡುವಿಗೆ ಸರಿದು, ಕೊನೆಗೆ ಒಂದು ತಂಬಿಗೆಯಷ್ಟು ಕೊಳಕು ನೀರು ಹೆಪ್ಪುಗಟ್ಟದೆ ಉಳಿಯುತ್ತದೆ. ಅದನ್ನು ಪೈಪಿನಿಂದ ಹೀರಿ ತೆಗೆದು ಒಳ್ಳೆಯ ನೀರು ತುಂಬುವುದು ನನ್ನ ಕೆಲಸ. ಡಬ್ಬಕ್ಕೆ ಬಗ್ಗಿದಾಗಲೆಲ್ಲ ಆ ಚಂದ್ರ ನೆನಪಾಗುತ್ತದೆ. ಅಲ್ಲೂ ಹೀಗೇ ತಾನೇ, ಹೊರಗೆ ಕಲ್ಲಿನಂಥ ಐಸು, ಒಳಗೆ ಉಪ್ಪು ಹೆಚ್ಚುತ್ತಾ ಹೋಗಿ ಹೆಪ್ಪುಗಟ್ಟಲು ಒಪ್ಪದ ನೀರು. ಹೀರಿ ತೆಗೆಯುವವರು ಅಲ್ಲಿ ಯಾರೂ ಇಲ್ಲ.

ನನ್ನೊಳಗೂ ಯಾರೂ ಹೀರಿ ತೆಗೆಯಲಿಲ್ಲ ಭಾವ. ನಿಮ್ಮ ಮೇಲಿನ ಸಿಟ್ಟು ಹದಿಮೂರು ವರ್ಷದಿಂದ ಹಾಗೇ ಇದೆ. ನಿಮಗೆ ಬಹುಮಾನ ಬಂದ ದಿನ ಪೇಪರಿನಲ್ಲಿ ಫೋಟೋ ನೋಡಿದೆ. ಆ ಪೇಪರಿನಲ್ಲೇ ಮೀನು ಸುತ್ತಿ ಕೊಟ್ಟೆ. ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು, ಪೂರ್ತಿಯಾಗಲಿಲ್ಲ.

ನನ್ನ ಬೆಲೆ ಬದಲಾಗಿಲ್ಲ. ಬಾಗಿಲಿನ ವಿಷಯ ಬರೆದುಕೊಡಿ. ಇನ್ನೊಂದು ಮಾತು, ಎರಡನೇ ಸಲ ಹೇಳುತ್ತಿದ್ದೇನೆ. ಐಸಿನ ಕೋಣೆಯಲ್ಲಿ ಮುಚ್ಚಳಕ್ಕೆ ಹಿಮ ಹಿಡಿಯುತ್ತದೆ, ಮುಚ್ಚಳಗಳು ಅದಲುಬದಲಾಗುತ್ತವೆ. ನನ್ನ ತಟ್ಟೆಯ ನಿಜವಾದ ನಂಬರು ತಳದಲ್ಲಿದೆ.

ಐಸಕ್ಕ


ಫೆಬ್ರವರಿ 24

ಚಿರಂಜೀವಿ ನಾದಿನಿಗೆ,

ದೊಡ್ಡ ಫ್ರೀಜರಿನ ಬಾಗಿಲನ್ನು ಅಂದು ತೆರೆದಿಟ್ಟು ಹೋದವನು ನಾನು. ಅತಿಥಿಗಳಿಗೆ ಐಸು ತೋರಿಸಿ, ಅವರ ಜೊತೆ ಊಟಕ್ಕೆ ಹೋಗುವ ಗಡಿಬಿಡಿಯಲ್ಲಿ ಚಿಲಕ ಹಾಕಲಿಲ್ಲ. ನಿನ್ನ ಮೇಲೆ ಹೊರಿಸಿದ್ದು ಸುಳ್ಳು. ಇದನ್ನು ನೀನು ಯಾರಿಗೆ ಬೇಕಾದರೂ ತೋರಿಸಬಹುದು.

ಇನ್ನು ನೋಟ್‌ಬುಕ್ಕು ಕಳಿಸು.

ನಿನ್ನ ಭಾವ


ಮಾರ್ಚ್ 6

ಭಾವನವರಿಗೆ,

ಐದಾರು ಸಾಲು. ಹದಿಮೂರು ವರ್ಷಕ್ಕೆ ಐದಾರು ಸಾಲು. ಅದರಲ್ಲೂ ಕ್ಷಮೆ ಎಂಬ ಪದವಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಆದರೂ ಕೊಟ್ಟ ಮಾತಿಗೆ ನಾನು ತಪ್ಪುವವಳಲ್ಲ. ನೋಟ್‌ಬುಕ್ಕನ್ನು ಇವತ್ತು ರಿಜಿಸ್ಟರ್ ಮಾಡಿದ್ದೇನೆ, ನಿಮ್ಮ ವಿಳಾಸಕ್ಕಲ್ಲ, ಸಮಿತಿಯ ಅಧ್ಯಕ್ಷರ ವಿಳಾಸಕ್ಕೆ. ನಿಮ್ಮ ಮನೆಯಲ್ಲಿ ಕಾಗದಗಳಿಗೆ ಏನೇನೋ ಆಗುತ್ತದೆ. ಇಪ್ಪತ್ತೊಂದನೇ ತಾರೀಖು ಅವರೇ ಎಲ್ಲರ ಮುಂದೆ ತೆರೆಯಲಿ. 61ನೇ ಪುಟವನ್ನು ಗಟ್ಟಿಯಾಗಿ ಓದಬೇಕೆಂದು ಚೀಟಿ ಇಟ್ಟಿದ್ದೇನೆ.

ಅಷ್ಟರೊಳಗೆ ಗಾಜಿನ ಬಾಗಿಲು ತೆರೆಸಿ, ತಟ್ಟೆಯನ್ನು ಎತ್ತಿಸಿ ತಳ ನೋಡಿಸಿ. ಮೂರನೇ ಸಲ ಹೇಳಿದ್ದೇನೆ. ನಾಲ್ಕನೇ ಸಲ ಹೇಳುವುದಿಲ್ಲ.

ಐಸಕ್ಕ


ಮಾರ್ಚ್ 18

ಭಾವನವರಿಗೆ,

ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಸಭೆ ಮುಗಿದಿರುತ್ತದೆ. ಅಷ್ಟು ಲೆಕ್ಕ ಹಾಕಿಯೇ ಅಂಚೆಗೆ ಹಾಕುತ್ತಿದ್ದೇನೆ.

ನನ್ನನ್ನು ತೆಗೆದ ಮೇಲೆ, ಮರೆತುಬಂದಿದ್ದ ಸ್ವೆಟರು ತರಲು ಒಂದು ದಿನ ಲ್ಯಾಬಿಗೆ ಬಂದಿದ್ದೆ. ನೆನಪಿದೆಯೆ? ಒಳಪೆಟ್ಟಿಗೆಯಲ್ಲಿದ್ದು ಕರಗದೆ ಉಳಿದ ತಟ್ಟೆಗಳನ್ನು ನೀವೂ ನಿಮ್ಮ ಶಿಷ್ಯನೂ ಸೇರಿ ಗಡಿಬಿಡಿಯಲ್ಲಿ ಬೇರೆ ಫ್ರೀಜರಿಗೆ ಸಾಗಿಸಿದ್ದಿರಿ. ಮುಚ್ಚಳ ತೆಗೆದು, ಹಿಮ ಒರೆಸಿ, ಮತ್ತೆ ಹಾಕಿದ್ದಿರಿ. ನಾನು ಬಂದಾಗ ಅವನು ಬೆಳಕಿನ ಯಂತ್ರದಡಿ ಒಂದು ತಟ್ಟೆ ಇಟ್ಟು, ಮುಚ್ಚಳ ನೋಡಿ ನಾಲ್ಕು ಎಂದು ಬರೆದುಕೊಳ್ಳುತ್ತಿದ್ದ. ನಾನು ತಟ್ಟೆಯನ್ನು ಎತ್ತಿ ನೋಡಿದೆ. ತಳದಲ್ಲಿ ನನ್ನ ಕೈಬರಹದಲ್ಲಿ ಒಂಬತ್ತು ಎಂದಿತ್ತು.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನೀವು ಒಳಗೆ ಬಂದು “ಇನ್ನೂ ಇಲ್ಲೇ ಇದ್ದೀಯಾ?” ಎಂದಿರಿ. ನಾಯಿಗೆ ಹೇಳುವ ಹಾಗೆ. ನಾನು ತಟ್ಟೆ ಕೆಳಗಿಟ್ಟು, ನೋಟ್‌ಬುಕ್ಕಿನ 61ನೇ ಪುಟದಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದು, ದಿನಾಂಕ ಹಾಕಿ, ನೋಟ್‌ಬುಕ್ಕು ಎತ್ತಿಕೊಂಡು ಹೊರಟೆ.

ಚಂದ್ರನಿಗೆ ಹೊಂದಿದ್ದು ನಾಲ್ಕಲ್ಲ ಭಾವ, ಒಂಬತ್ತು. ಅಲ್ಲಿನ ಐಸು ಹಳೆಯದಲ್ಲ. ಬಿರುಕುಗಳಿಂದ ಸಮುದ್ರದ ನೀರು ಉಕ್ಕಿ ಬಂದು, ಆ ಚಳಿಗೆ ಸಿಕ್ಕಿ, ಉಪ್ಪಿನ ಸಮೇತ ನಿಂತಲ್ಲೇ ಹೆಪ್ಪುಗಟ್ಟಿದೆ. ಸಮುದ್ರ ಬಾಗಿಲಿಗೇ ಬಂದು ನಿಂತಿದೆ. ನೀವು ಹದಿಮೂರು ವರ್ಷ ಅದು ಮುಚ್ಚಿಹೋಗಿದೆ ಎಂದು ದೇಶದೇಶಗಳಲ್ಲಿ ಭಾಷಣ ಮಾಡಿದಿರಿ. ನನ್ನನ್ನು ಹೊರಗೆ ಹಾಕದಿದ್ದರೆ ಆ ತಟ್ಟೆಗಳನ್ನು ಸಾಗಿಸುತ್ತಿದ್ದವಳು ನಾನೇ, ಮುಚ್ಚಳ ಬದಲಾಗುತ್ತಲೇ ಇರಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ನೀವು ಎತ್ತರಕ್ಕೆ ಹತ್ತಲಿ ಎಂದು ಕಾದಿದ್ದೆ. ಬೀಳುವಾಗ ನಾಲ್ಕು ಜನಕ್ಕೆ ಕೇಳಿಸಬೇಕಲ್ಲ. ಆದರೂ ನಿಮ್ಮ ಮೊದಲ ಕಾಗದ ಬಂದ ದಿನ ಒಂದು ತೀರ್ಮಾನ ಮಾಡಿಕೊಂಡೆ. ಮೂರು ಸಲ ಹೇಳುತ್ತೇನೆ, ಒಂದು ಸಲವಾದರೂ ಕಿವಿಗೊಟ್ಟು ತಳ ನೋಡಿದರೆ ನೋಟ್‌ಬುಕ್ಕನ್ನು ನಿಮಗೇ ಕೊಟ್ಟು, ನೀವೇ ತಿದ್ದಿಕೊಂಡಿರೆನ್ನುವ ಹಾಗೆ ಬಿಟ್ಟುಬಿಡುತ್ತೇನೆ ಎಂದು. ಮೂರು ಸಲವೂ ನೀವು ಉತ್ತರಿಸಲಿಲ್ಲ. ಐಸು ಮಾಡುವವಳ ಮಾತಿಗೆ ಅಷ್ಟೇ ಬೆಲೆ. ನಿಮ್ಮನ್ನು ಬೀಳಿಸಿದ್ದು ನಾನಲ್ಲ, ನಿಮ್ಮ ಕಿವಿ.

ಇವತ್ತು ಹೊಟ್ಟೆ ತುಂಬ ಉಂಡೆ.

ಐಸಕ್ಕ


ಮಾರ್ಚ್ 25

ತಂಗೀ,

ಟೈಪ್ ಮಾಡಿಲ್ಲ, ಕೈಯಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಗುರುತು ಸಿಕ್ಕಿತಲ್ಲ.

ಸಭೆಯಲ್ಲಿ ನಾನೂ ಇದ್ದೆ. ನಿನ್ನ ಭಾವನಿಗೆ ಕಣ್ಣು ಕಾಣದ ಕಾರಣ ಕೈ ಹಿಡಿದುಕೊಂಡು ಹೋಗಬೇಕಿತ್ತು. ಅಧ್ಯಕ್ಷೆ ವಯಸ್ಸಾದ ಹೆಂಗಸು. 61ನೇ ಪುಟ ಓದಿ, ಕನ್ನಡಕ ತೆಗೆದು, “ತಟ್ಟೆ ತರಿಸಿ” ಅಂದರು. ಯಾರೂ ಮುಂದೆ ಬರಲಿಲ್ಲ. ಎಲ್ಲರೂ ನಿನ್ನ ಭಾವನ ಮುಖ ನೋಡುತ್ತಿದ್ದರು. ನಾನೇ ಎದ್ದು ಹೋಗಿ, ಗಾಜಿನ ಬಾಗಿಲು ತೆರೆಸಿ, ಸೆರಗಿನಲ್ಲಿ ಹಿಡಿದು ತಂದು, ಮೇಜಿನ ಮೇಲೆ ಎತ್ತಿ ತೋರಿಸಿದೆ. ತಳದ ಹಿಮವನ್ನು ಅಂಗೈಯಲ್ಲಿ ಒರೆಸಿದೆ. ಒಂಬತ್ತು. ಅವರು ಪಕ್ಕದವರನ್ನು “ಏನಂತೆ, ಏನಿದೆಯಂತೆ?” ಎಂದು ಕೇಳುತ್ತಿದ್ದರು. ನಾನು ಜೋರಾಗಿ ಹೇಳಿದೆ, “ಒಂಬತ್ತು ಅಂತಿದೆ ರೀ. ನನ್ನ ತಂಗಿ ಬರೆದದ್ದು.”

ನೌಕೆ ಬಿರುಕುಗಳ ಕಡೆಗೇ ಹೋಗಲಿದೆ. ಹೊಸ ವರದಿಯಲ್ಲಿ ನಿನ್ನ ಹೆಸರು ಮೊದಲು ಇರುತ್ತದೆ. ಅಧ್ಯಕ್ಷೆ ನಿನಗೆ ಬೇರೆ ಬರೆಯುತ್ತಾರೆ. ಕಾರಿಡಾರಿನ ಫ್ರೀಜರು ಖಾಲಿ ಮಾಡಿದ್ದಾರೆ. ನಿನ್ನ ಕೊನೆಯ ಕಾಗದವನ್ನು ನಾನು ನಿನ್ನ ಭಾವನಿಗೆ ಒಂದಕ್ಷರ ಬಿಡದೆ ಓದಿದೆ. ಎರಡು ಸಲ ಓದಿಸಿಕೊಂಡರು. “ಮೂರು ಸಲ ಹೇಳಿದ್ದಳಾ?” ಎಂದು ಕೇಳಿದರು.

ಹೌದು, ನೀನು ಮೂರು ಸಲ ಹೇಳಿದ್ದೆ. ಮೂರು ಸಲವೂ ನಾನು ಆ ಸಾಲು ಓದಲಿಲ್ಲ.

ಮೊದಲ ಸಲ ಕಂಡಾಗಲೇ ನನಗೆ ಅರ್ಥವಾಗಿತ್ತು. ಚಿಕ್ಕವರಿದ್ದಾಗ ಸಕ್ಕರೆ ಡಬ್ಬಿಗೆ ಉಪ್ಪಿನ ಮುಚ್ಚಳ ಕೂತು, ಅಪ್ಪ ಉಪ್ಪು ಹಾಕಿದ ಚಹಾ ಕುಡಿದು ಇಡೀ ಮನೆ ನಕ್ಕದ್ದು ನೆನಪಿದೆಯಾ? ಅವತ್ತಿನಿಂದ ನೀನು ಡಬ್ಬಿಗಳ ತಳದಲ್ಲಿ ಹೆಸರು ಬರೆಯಲು ಶುರು ಮಾಡಿದೆ. ನೀನು ತಳ ನೋಡಿ ಎಂದರೆ ಏನೋ ಕಂಡಿದ್ದೀಯ ಎಂದೇ ಅರ್ಥ. ಅವರಿಗೆ ಓದಿ ಹೇಳಿದ್ದರೆ ಮಾರನೇ ದಿನವೇ ತಟ್ಟೆ ಎತ್ತಿಸುತ್ತಿದ್ದರೋ ಏನೋ. ಎತ್ತಿಸಿ, ತಪ್ಪನ್ನು ತಾವೇ ಕಂಡುಹಿಡಿದದ್ದೆಂದು ಸಭೆಯಲ್ಲಿ ಹೇಳಿ, ಎಂಥ ಪ್ರಾಮಾಣಿಕ ಮನುಷ್ಯ ಎಂದು ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಬರುತ್ತಿದ್ದರು. ಆ ಚಪ್ಪಾಳೆ ಕೇಳಲು ನನಗೆ ಆಗುತ್ತಿರಲಿಲ್ಲ.

ನಿನ್ನ ಪೆಟ್ಟಿಗೆಯಲ್ಲಿರುವ ಆ ಕಾಗದಕ್ಕೆ ಮೂಲ, ಅವರು ಮುಖ್ಯಸ್ಥರಿಗೆ ಕೊಟ್ಟ ದೂರು. ಅದನ್ನು ಟೈಪ್ ಮಾಡಿದವಳು ನಾನು. ಬಾಗಿಲು ಹಾಕಲು ತಾವೇ ಮರೆತದ್ದೆಂದು ಹಿಂದಿನ ದಿನ ನನಗೆ ಹೇಳಿದ ಬಾಯಿಂದಲೇ ಮಾರನೇ ದಿನ ನಿನ್ನ ಹೆಸರು ಹೇಳಿ ಬರೆಸಿದರು. ನಾನು ಬರೆದೆ. ಅಮ್ಮ ತೀರಿಕೊಂಡಾಗ ನೀನು ಬಂದು, ಹೊಸ್ತಿಲಲ್ಲೇ ನಿಂತು, ನನ್ನ ಮುಖ ನೋಡದೆ ಹೋದೆ. ನೀನು ಅವರ ಮೇಲೆ ಸಿಟ್ಟು ಕೂಡಿಟ್ಟೆ. ನನಗೆ ಅವರ ಮೇಲೂ ಇತ್ತು, ನನ್ನ ಕೈಬೆರಳಿನ ಮೇಲೂ ಇತ್ತು. ನೀನು ಅಷ್ಟು ದೂರ ಇದ್ದೆ. ನಾನು ಅದನ್ನಿಟ್ಟುಕೊಂಡು ದಿನಾ ಅವರಿಗೆ ಊಟ ಬಡಿಸುತ್ತಿದ್ದೆ.

ಇನ್ನೂ ಒಂದಿದೆ. ಹೇಳದಿದ್ದರೆ ನಾನೂ ಅವರಂತೆಯೇ ಆಗುತ್ತೇನೆ.

ಜನವರಿಯ ಮೊದಲ ಕಾಗದದಲ್ಲಿ ಅವರು ಆಶೀರ್ವಾದ ಹೇಳಿದ ಕೂಡಲೇ ಮೂರು ಮಾತು ಹೇಳಿದ್ದರು. ನಾನು ಟೈಪ್ ಮಾಡಲಿಲ್ಲ. ‘ಹಳೆಯದನ್ನು ಮರೆತುಬಿಡೋಣ’ ಅನ್ನುವುದೂ, ಎರಡನೇ ಕಾಗದದ ‘ಕಡ್ಡಿ ಗುಡ್ಡ’ವೂ, ‘ಸಣ್ಣತನ’ವೂ ನನ್ನವು. ಅವರ ಧಾಟಿ ನನಗೆ ಬಾಯಿಪಾಠ. ನೀನು ಕೇಳಿದ ಬೆಲೆಯನ್ನೂ ಅವರಿಗೆ ಓದಿ ಹೇಳಿರಲಿಲ್ಲ. “ಅವಳು ನನ್ನ ಮಾತಿಗೆ ಉತ್ತರವನ್ನೇ ಕೊಡಲಿಲ್ಲವಲ್ಲ” ಎಂದು ಫೆಬ್ರವರಿಯಲ್ಲಿ ಬೇಜಾರು ಮಾಡಿಕೊಂಡು ಅದನ್ನೇ ಇನ್ನೊಮ್ಮೆ ಬರೆಸಿದರು. ಆಗ ನಿನಗೆ ಸಹಿ ಇರುವ ಕಾಗದ ಬೇಕಲ್ಲ ಎಂದು ಬಾಗಿಲಿನ ವಿಷಯ ಮಾತ್ರ ಬರೆದೆ. ಉಳಿದದ್ದನ್ನು ಬಿಟ್ಟೆ. ಅದನ್ನು ಓದಿದ್ದರೆ ನೀನು ಕರಗಿಬಿಡುತ್ತಿದ್ದೆ. ನಿನ್ನ ಬಾಯಿ ಮಾತ್ರ ಗಟ್ಟಿ, ನನಗೆ ಗೊತ್ತು.

ಅವರು ಹೇಳಿದ ಮೂರು ಮಾತು ಇವು. “ಬಾಗಿಲು ತೆರೆದಿಟ್ಟವನು ನಾನು. ನಿನ್ನ ಅನ್ನ ಕಿತ್ತುಕೊಂಡೆ, ನಿನ್ನ ಹೆಸರನ್ನೂ ತಿಂದೆ. ನೋಟ್‌ಬುಕ್ಕು ಕೊಟ್ಟರೂ ಸರಿ, ಬಿಟ್ಟರೂ ಸರಿ, ಸಾಯುವುದರೊಳಗೆ ಒಮ್ಮೆ ಬಂದು ನನ್ನನ್ನು ಬೈದು ಹೋಗು.”

ನಿನ್ನ ಅಕ್ಕ


ಏಪ್ರಿಲ್ 30

ಭಾವ,

ಕಣ್ಣಿನ ಪಟ್ಟಿ ಬಿಚ್ಚಿ ವಾರವಾಗಿರಬೇಕು. ಈ ಕಾಗದವನ್ನು ನೀವೇ ಓದಬೇಕೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ನಿಮ್ಮ ಕೈಗೇ ಕೊಡಬೇಕೆಂದು ಅಂಚೆಯವರಿಗೂ ಹೇಳಿದ್ದೇನೆ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ನೀವು ಬಿದ್ದದ್ದು ಕೇಳಿ ಖುಷಿಪಟ್ಟದ್ದೂ ಸುಳ್ಳಲ್ಲ. ಆದರೆ ಮೂರು ಸಲ ಹೇಳಿದರೂ ಕೇಳದವರೆಂದು ನಿಮಗೆ ಶಿಕ್ಷೆ ಕೊಟ್ಟೆ, ನಿಮಗೆ ಒಂದು ಸಲವೂ ಕೇಳಿಸಿಯೇ ಇರಲಿಲ್ಲ. ಈಗ ಡಬ್ಬಕ್ಕೆ ಬಗ್ಗಿದಾಗಲೆಲ್ಲ ಅದೇ ಯೋಚನೆ.

ಒಂದೇ ಪ್ರಶ್ನೆ. ಆ ಮಾತು ನಿಮ್ಮ ಕಿವಿಗೆ ಬಿದ್ದಿದ್ದರೆ, ಐಸು ಮಾಡುವವಳು ಹೇಳಿದಳೆಂದು ನೀವು ಎದ್ದು ಹೋಗಿ ತಟ್ಟೆಯ ತಳ ನೋಡುತ್ತಿದ್ದಿರಾ? ಹೌದು ಅಥವಾ ಇಲ್ಲ ಎಂದಷ್ಟೇ ಬರೆಯಿರಿ. ಯಾವುದಾದರೂ ನಂಬುತ್ತೇನೆ.

ನಿಮ್ಮ ಕೈಯಲ್ಲೇ ಬರೆಯಿರಿ, ನೀವೇ ನಡೆದು ಹೋಗಿ ಅಂಚೆ ಡಬ್ಬಿಗೆ ಹಾಕಿ. ಅಕ್ಕನ ಕೈಗೆ ಕೊಡಬೇಡಿ.